ಬಾಯ್ತಪ್ಪಿನ ಸುಗ್ಗಿ

2018ರ ಮಾರ್ಚ್ 27. ಕರ್ನಾಟಕದ ವಿಧಾನಸಭಾ ಚುನಾವಣೆಯ ದಿನಾಂಕ ಪ್ರಕಟವಾದ ದಿನ. ದಾವಣಗೆರೆಯಲ್ಲಿ ಬಿಜೆಪಿಯ ಅಂದಿನ ಅಧ್ಯಕ್ಷ ಅಮಿತ್ ಶಾ ಪತ್ರಿಕಾಗೋಷ್ಠಿ. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿಯೊಬ್ಬರು ಹೇಳಿದ್ದಾರೆಂದು ಶುರುಮಾಡಿ, ಭ್ರಷ್ಟಾಚಾರದಲ್ಲಿ ಪೈಪೋಟಿ ಇಟ್ಟರೆ ಯಡಿಯೂರಪ್ಪ ಸರ್ಕಾರಕ್ಕೇ ಮೊದಲ ಸ್ಥಾನ ಅಂದುಬಿಟ್ಟರು. ಅವರದೇ ಪಕ್ಷದ ಮುಖ್ಯಮಂತ್ರಿ ಅಭ್ಯರ್ಥಿ ಯಡಿಯೂರಪ್ಪ ಪಕ್ಕದಲ್ಲೇ ಕೂತಿದ್ದರು! ಯಾರೋ ಪಿಸುಗುಟ್ಟಿದರು, ಶಾ ತಿದ್ದಿಕೊಂಡು ಆಗಿನ ಕಾಂಗ್ರೆಸ್ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಹೆಸರು ಹೇಳಿದರು. ಕೆಲವೇ ಕ್ಷಣಗಳ ಮಾತು. ಟಿ.ವಿ.ಗೆ ಮಾತ್ರ ಇಡೀ ದಿನದ ಬುತ್ತಿಯಾಯಿತು.

ಆಮೇಲಿನದು ನಮಗೆಲ್ಲ ಬಾಯಿಪಾಠ. ಯಡಿಯೂರಪ್ಪನವರ ಮುಖಕ್ಕೊಂದು ಕೆಂಪು ವೃತ್ತ, ಅದರತ್ತ ಕುಣಿಯುವ ಬಾಣ, ‘ಎಡವಟ್ಟು’ ಎಂಬ ದಪ್ಪಕ್ಷರ, ಹಿನ್ನೆಲೆಯಲ್ಲಿ ಹಾಸ್ಯ ಸಿನಿಮಾದ ಸಂಗೀತ. ನಾನೂ ನಕ್ಕೆ, ನಗದೇ ಇರಲಾಗಲಿಲ್ಲ. ನಗು ಇಳಿದ ಮೇಲೆ ನೋಡಿದರೆ ಕೇಳಲೇಬೇಕಿದ್ದ ಪ್ರಶ್ನೆಗಳು ಹಾಗೇ ಬಿದ್ದಿದ್ದವು. ಆ ನ್ಯಾಯಮೂರ್ತಿ ಯಾರು? ಯಾವ ಸಂದರ್ಭದಲ್ಲಿ, ಯಾವ ಆಧಾರದ ಮೇಲೆ ಹೇಳಿದರು? ಒಂದು ಸರ್ಕಾರದ ಮೇಲೆ ಹೊರಿಸಿದ ಗಂಭೀರ ಆರೋಪ ಅದು. ನಿಜವಾದರೆ ಸರ್ಕಾರ ಉತ್ತರಿಸಬೇಕು, ಸುಳ್ಳಾದರೆ ಹೇಳಿದವರು ಉತ್ತರಿಸಬೇಕು. ಕೇಳಿದವರು ಇದ್ದಿರಬಹುದು, ನಗೆಯ ಗದ್ದಲದಲ್ಲಿ ಅವರ ದನಿ ಕೇಳಿಸಲಿಲ್ಲ. ನಾಲಿಗೆ ಜಾರಿದ್ದರಿಂದ ಶಾ ಅವರಿಗೆ ಮುಜುಗರವಾಯಿತೆಂದು ಎಲ್ಲರೂ ಬರೆದರು. ನನಗನ್ನಿಸುವುದು, ಅದೇ ಅವರನ್ನು ಪಾರುಮಾಡಿತು.

ಅದೇ ವಾರ ಚಳ್ಳಕೆರೆಯಲ್ಲಿ ಶಾ ಅವರ ಹಿಂದಿಯನ್ನು ಕನ್ನಡಕ್ಕೆ ತರುತ್ತಿದ್ದ ಬಿಜೆಪಿ ಸಂಸದ ಪ್ರಹ್ಲಾದ ಜೋಶಿ, ಮೋದಿಯವರು ದೇಶವನ್ನು ಹಾಳುಮಾಡುತ್ತಾರೆ ಎಂಬರ್ಥದ ಮಾತಾಡಿಬಿಟ್ಟರು. ಬಿಸಿಲಲ್ಲಿ ನಿಂತು, ಇನ್ನೊಬ್ಬರ ವೇಗಕ್ಕೆ ಓಡುವ ಅನುವಾದಕನ ಪಾಡು ಪಟ್ಟವರಿಗೇ ಗೊತ್ತು. ಮುಂದಿನ ತಿಂಗಳು ಮಳವಳ್ಳಿಯಲ್ಲಿ ಸಿದ್ದರಾಮಯ್ಯನವರ ಸರದಿ. ಶಾಸಕ ನರೇಂದ್ರಸ್ವಾಮಿ ಅನ್ನುವ ಕಡೆ ನರೇಂದ್ರ ಮೋದಿ ಅಂದು, ಊರಿನ ಅಭಿವೃದ್ಧಿಯ ಶ್ರೇಯಸ್ಸನ್ನು ದಿಲ್ಲಿಗೆ ಕಳಿಸಿದರು. ಮೊನ್ನೆ ನಕ್ಕವರು ಇವತ್ತು ಮುನಿದರು, ಮೊನ್ನೆ ಮುನಿದವರು ನಕ್ಕರು. ಹಗಲಿರುಳೂ ಎದುರಾಳಿಯ ಹೆಸರನ್ನೇ ಜಪಿಸುವವರ ಬಾಯಲ್ಲಿ ಅದೇ ಹೆಸರು ಮೊದಲು ಬಂದರೆ ಅಚ್ಚರಿಯೇನು?

ಫಲಿತಾಂಶ ಬಂದಾಗ ಬಿಜೆಪಿ 104 ಸ್ಥಾನ ಗೆದ್ದು ಅತಿ ದೊಡ್ಡ ಪಕ್ಷವಾಗಿತ್ತು. ದಾವಣಗೆರೆಯ ಮಾತನ್ನು ಮತದಾರ ಎಲ್ಲಿಡಬೇಕೋ ಅಲ್ಲಿಟ್ಟಿದ್ದ. ನರೇಂದ್ರಸ್ವಾಮಿ ಸೋತರು, ನಿಜ. ಅದು ಆ ಒಂದು ಹೆಸರಿನಿಂದ ಅಂತ ಮಳವಳ್ಳಿಯಲ್ಲಿ ಹೇಳಿ ನೋಡಿ, ನಗುತ್ತಾರೆ.

ಅಮೆರಿಕದ್ದೂ ಇದೇ ಕಥೆ. 2004ರ ಜನವರಿಯಲ್ಲಿ, ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಸ್ಪರ್ಧೆಯಲ್ಲಿ, ಐಯೋವಾ ರಾಜ್ಯದಲ್ಲಿ ಮೂರನೇ ಸ್ಥಾನಕ್ಕಿಳಿದ ಹೊವಾರ್ಡ್ ಡೀನ್, ಬೆಂಬಲಿಗರನ್ನು ಹುರಿದುಂಬಿಸಲು ಒಂದು ಕೂಗು ಹಾಕಿದರು. ಅವರ ಕೈಯಲ್ಲಿದ್ದದ್ದು ಸುತ್ತಲಿನ ಸದ್ದನ್ನು ಸೋಸಿ, ಹಿಡಿದವರ ದನಿಯನ್ನಷ್ಟೇ ದಾಟಿಸುವ ಮೈಕು. ಸಭಾಂಗಣದಲ್ಲಿ ಜನರ ಅಬ್ಬರಕ್ಕೆ ಅವರ ಕೂಗು ಕೇಳಿಸಿದ್ದೇ ಕಷ್ಟ. ಟಿ.ವಿ.ಯಲ್ಲಿ ಮಾತ್ರ ಒಬ್ಬ ಮನುಷ್ಯ ಬರಿಗಾಳಿಗೆ ಅರಚಿದಂತೆ ಕಂಡಿತು. ನಾಲ್ಕೇ ದಿನದಲ್ಲಿ 600ಕ್ಕೂ ಹೆಚ್ಚು ಸಲ ಅದು ಪ್ರಸಾರವಾಯಿತು. ಆ ಕೂಗೇ ಡೀನ್‌ರನ್ನು ಮುಳುಗಿಸಿತೆಂದು ಇವತ್ತಿಗೂ ಹೇಳುವವರಿದ್ದಾರೆ. ಐಯೋವಾದಲ್ಲಿ ಅವರು ಸೋತದ್ದು ಕೂಗುವ ಮೊದಲು!

ಹಾಗಂತ ಬಾಯಿಂದ ಬಂದದ್ದನ್ನೆಲ್ಲ ಬಾಯ್ತಪ್ಪು ಅಂತ ಮನ್ನಿಸುವ ಉದಾರಿ ನಾನಲ್ಲ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ವಿಧಾನಸಭಾ ಅಧಿವೇಶನದಲ್ಲಿ ಕಾಂಗ್ರೆಸ್ ಶಾಸಕ ರಮೇಶ್ ಕುಮಾರ್ ಅತ್ಯಾಚಾರದ ಬಗ್ಗೆ ಆಡಿದ ಮಾತಿದೆಯಲ್ಲ, ಅಲ್ಲಿ ಹೆಸರು ಅದಲುಬದಲಾಗಿರಲಿಲ್ಲ. ಸಭಾಧ್ಯಕ್ಷರೂ ನಕ್ಕಿದ್ದರು. ಮರುದಿನ ರಮೇಶ್ ಕುಮಾರ್ ಕ್ಷಮೆ ಕೇಳಿದರು. ಆಗ ಎದ್ದ ಗಲಾಟೆ ಏಳಲೇಬೇಕಿತ್ತು. ನನ್ನ ತಕರಾರಿರುವುದು ಅದಕ್ಕೂ ಮಳವಳ್ಳಿಯ ಮಾತಿಗೂ ಅದೇ ಕೆಂಪು ವೃತ್ತ, ಅದೇ ಬಾಣ ಹಾಕುವುದಕ್ಕೆ. ಎಲ್ಲಕ್ಕೂ ಒಂದೇ ಎತ್ತರದಲ್ಲಿ ಕಿರುಚಿದರೆ, ನಿಜಕ್ಕೂ ಕಿರುಚಬೇಕಾದಾಗ ಯಾರು ತಿರುಗಿ ನೋಡುತ್ತಾರೆ? ವಾಹಿನಿಗಳಿಗೆ ಇದು ಅಗ್ಗದ ಸರಕು ಕೂಡ. ಒಂದು ಟೆಂಡರಿನ ಕಡತ ಹುಡುಕಲು ವರದಿಗಾರ ತಿಂಗಳುಗಟ್ಟಲೆ ಅಲೆಯಬೇಕು. ತೊದಲಿದ ತುಣುಕು ತಾನಾಗಿ ಫೋನಿಗೆ ಬಂದು ಬೀಳುತ್ತದೆ.

2018ರ ಮೇ 1ರಂದು ಸಂತೇಮರಹಳ್ಳಿಯಲ್ಲಿ ಪ್ರಧಾನಿ ಮೋದಿ, ಚೀಟಿ ಹಿಡಿಯದೆ 15 ನಿಮಿಷ ಮಾತಾಡಿ, ವಿಶ್ವೇಶ್ವರಯ್ಯನವರ ಹೆಸರನ್ನು ಐದು ಸಲ ಹೇಳಿ ಅಂತ ರಾಹುಲ್ ಗಾಂಧಿಗೆ ಸವಾಲು ಹಾಕಿದ್ದರು. 2022ರ ಜನವರಿಯಲ್ಲಿ ದಾವೋಸ್ ಸಮಾವೇಶಕ್ಕೆ ವಿಡಿಯೊ ಮೂಲಕ ಮಾತಾಡುತ್ತಿದ್ದ ಮೋದಿಯವರೇ ನಡುವೆ ತಡೆದು ನಿಂತಾಗ, ಟೆಲಿಪ್ರಾಂಪ್ಟರ್ ಕೈಕೊಟ್ಟಿತೆಂದು ಕುಣಿಯುವ ಸರದಿ ಆಚೆಯವರದ್ದಾಯಿತು. ಅಲ್ಲ, ತಾಂತ್ರಿಕ ಅಡಚಣೆ ಅಂತ ಈಚೆಯವರು. ದಿನಗಟ್ಟಲೆ ಅದೇ ಜಗಳ. ಅದೇ ಭಾಷಣದಲ್ಲಿ ಕ್ರಿಪ್ಟೋಕರೆನ್ಸಿಯ ಪ್ರಸ್ತಾಪವಿತ್ತು. ಅದರ ಸವಾಲನ್ನು ಒಂದೇ ದೇಶ ಎದುರಿಸಲಾಗದು, ಎಲ್ಲರೂ ಒಂದೇ ರೀತಿ ಯೋಚಿಸಬೇಕು ಅಂದಿದ್ದರು. ಫೆಬ್ರುವರಿ 1ರ ಬಜೆಟ್‌ನಲ್ಲಿ ಅದರ ಲಾಭಕ್ಕೆ ಶೇ 30 ತೆರಿಗೆ ಬಂತು. ಟೆಲಿಪ್ರಾಂಪ್ಟರ್ ತುಣುಕನ್ನು ಹಂಚಿಕೊಂಡು ನಕ್ಕಿದ್ದ ನಮ್ಮ ಬೀದಿಯ ಹುಡುಗನೊಬ್ಬ, ಇದನ್ನು ಮೊದಲೇ ಯಾರೂ ಹೇಳಲಿಲ್ಲವಲ್ಲ ಸಾರ್ ಅಂದ.