ಬಿಡುವಿನ ತಾಸಿನ ಕೆಲಸ

ಮನುಷ್ಯನಿಗೆ ಹೊಟ್ಟೆಪಾಡಿಗಾಗಿ ಒಂದು ಕಸುಬು ಇರುವಂತೆ ಮನಸ್ಸಿನ ತೃಪ್ತಿಗಾಗಿ ಇನ್ನೊಂದು ಕೆಲಸವೂ ಇರಬೇಕು. ನಮ್ಮ ಸೀಮೆಗೆ ಈ ಮಾತು ಹೊಸದಲ್ಲ. ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ಭಜನೆಯ ಪದ ಹಾಡುವವರನ್ನು, ಪಾಠ ಮುಗಿಸಿದ ಮೇಲೆ ಹುಡುಗರಿಗೆ ನಾಟಕ ಕಲಿಸುವ ಮಾಸ್ತರರನ್ನು ನಾವೆಲ್ಲ ಬಲ್ಲೆವು. ಇಂದಿನ ದಿನಮಾನದಲ್ಲಿ ಈ ಸಾಲಿಗೆ ಮೊಬೈಲಿನ ಆ್ಯಪು ಸಿದ್ಧಪಡಿಸುವ ಹವ್ಯಾಸವೂ ಸೇರಿಕೊಂಡಿದೆ. ಗಣಕಶಾಸ್ತ್ರವನ್ನು ಶಾಸ್ತ್ರೋಕ್ತವಾಗಿ ಓದದ, ಗಣಿತ ಬೋಧನೆಯನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನನ್ನಂಥವನು ಈ ಕೆಲಸಕ್ಕೆ ಕೈಹಾಕಿದ ಬಗೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಸಂತಪುರದ ಸುತ್ತಲಿನ ಊರುಗಳ ಭಾಷಾಸ್ಥಿತಿಯನ್ನು ಬಲ್ಲವರಿಗೆ ಇದರ ಅಗತ್ಯವನ್ನು ಬಹಳವಾಗಿ ವಿವರಿಸಬೇಕಾಗಿಲ್ಲ. ಔರಾದ ತಾಲೂಕಿನ ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದು ಮಗ್ಗುಲಿಗೆ ತೆಲಂಗಾಣ. ಒಂದೇ ತರಗತಿಯಲ್ಲಿ ಮನೆಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಮಾತನಾಡುವ ಮಕ್ಕಳು ಒಟ್ಟಿಗೆ ಕುಳಿತಿರುತ್ತಾರೆ. ಮನೆಯ ಮಾತು ಕನ್ನಡವೇ ಆಗಿದ್ದರೂ ಅದು ಬೀದರಿನ ಕನ್ನಡ. ಪಠ್ಯಪುಸ್ತಕದ ಕನ್ನಡವು ಈ ಎಲ್ಲ ಮಕ್ಕಳಿಗೂ ಸ್ವಲ್ಪ ದೂರದ ನೆಂಟನೇ ಸರಿ. 'ದ್ಯುತಿಸಂಶ್ಲೇಷಣೆ', 'ಪರಾಗಸ್ಪರ್ಶ', 'ಸಹಗುಣಕ', 'ಅನುಪಾತ' ಇಂಥ ಪದಗಳ ಮುಂದೆ ಚುರುಕು ಬುದ್ಧಿಯ ಮಕ್ಕಳೂ ತಡವರಿಸಿ ನಿಲ್ಲುತ್ತಾರೆ. ಹತ್ತನೆಯ ತರಗತಿಯ ಹುಡುಗನೊಬ್ಬ ಒಮ್ಮೆ ನನಗೆ, "ಸರ್, ಲೆಕ್ಕ ಬರ್ತದ್ರಿ, ಆದ್ರ ಏನ್ ಕೇಳ್ಯಾರ ಅನ್ನೋದೇ ತಿಳಿಯಲ್ರಿ" ಎಂದನು. ಲೆಕ್ಕ ಬರುವ ಹುಡುಗನು ಪದದ ಬಾಗಿಲಲ್ಲಿ ತಡೆಯಲ್ಪಟ್ಟು ಪರೀಕ್ಷೆಯಲ್ಲಿ ಹಿಂದೆ ಬೀಳುವುದು, ಮುಂದೆ ಶಾಲೆಯನ್ನೇ ಬಿಡುವುದು ಸಣ್ಣ ನಷ್ಟವಲ್ಲ. ಪಠ್ಯದ ಪದಕ್ಕೆ ನಮ್ಮ ಭಾಗದ ಮಾತಿನಲ್ಲಿ ಅರ್ಥ ಹೇಳುವ ಪುಟ್ಟ ಕೋಶವೊಂದು ಮೊಬೈಲಿನಲ್ಲಿ ಇದ್ದರಾಗುತ್ತಿತ್ತು ಎಂಬ ವಿಚಾರ ಹುಟ್ಟಿದ್ದು ಹೀಗೆ.

ಆ್ಯಪು ಮಾಡಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, "ಯಾವ ಗಣಕಭಾಷೆ ಕಲಿಯಬೇಕು?" ಎಂಬುದು. ನನ್ನ ಅನುಭವದಲ್ಲಿ ಅದು ಎರಡನೆಯ ಪ್ರಶ್ನೆ. ಮೊದಲನೆಯದು, "ಯಾರಿಗಾಗಿ, ಯಾವ ಒಂದು ಕೊರತೆಗಾಗಿ?" ಎಂಬುದು. ಚೀಲ ಹೊಲಿಯುವ ಮೊದಲು ಕಾಳು ಎಷ್ಟಿದೆಯೆಂದು ನೋಡಬೇಕು. ಕನ್ನಡದಲ್ಲಿಯೇ ಇದಕ್ಕೆ ಉಜ್ವಲವಾದ ನಿದರ್ಶನವಿದೆ. ಶ್ರೀ ವಿ. ಕೃಷ್ಣ ಅವರು ನಾಲ್ಕು ದಶಕಗಳಷ್ಟು ಕಾಲ ಏಕಾಂಗಿಯಾಗಿ ಶ್ರಮಿಸಿ ಕನ್ನಡ-ಇಂಗ್ಲಿಷ್ ನಿಘಂಟೊಂದನ್ನು ಸಂಕಲಿಸಿದರು. ಒಂದೂವರೆ ಲಕ್ಷದಷ್ಟು ಪದಗಳ ಆ ಭಂಡಾರವು ಶ್ರೀ ಕೈಲಾಶ್ ನಾಧ್ ಅವರ ತಾಂತ್ರಿಕ ನೆರವಿನಿಂದ 2019ರಲ್ಲಿ 'ಅಲರ್' ಎಂಬ ಹೆಸರಿನಿಂದ ಅಂತರಜಾಲದಲ್ಲಿ ಸರ್ವರಿಗೂ ಮುಕ್ತವಾಯಿತು. ಇಲ್ಲಿ ದಶಕಗಳನ್ನು ಬೇಡಿದ್ದು ಪದಸಂಗ್ರಹವೇ ಹೊರತು ಯಂತ್ರದ ಕೆಲಸವಲ್ಲ. ಅಂತೆಯೇ 1998ರಲ್ಲಿ ಹೊರಬಂದ 'ಬರಹ' ತಂತ್ರಾಂಶವನ್ನು ನೆನೆಯಬೇಕು. ಕನ್ನಡದಲ್ಲಿ ಟೈಪು ಮಾಡುವ ಸೌಕರ್ಯ ವಿರಳವಾಗಿದ್ದ ಆ ದಿನಗಳಲ್ಲಿ ಶ್ರೀ ಶೇಷಾದ್ರಿವಾಸು ಚಂದ್ರಶೇಖರನ್ ಅವರು ತಮ್ಮ ಆಸಕ್ತಿಯಿಂದ ಅದನ್ನು ರಚಿಸಿ ಉಚಿತವಾಗಿ ಹಂಚಿದರು. ಕಾಗದ, ಲೇಖನ, ಲಗ್ನಪತ್ರಿಕೆಗಳನ್ನು ಎಷ್ಟೋ ಜನ ಕನ್ನಡಿಗರು ಗಣಕದಲ್ಲಿ ಮೊದಲ ಬಾರಿಗೆ ಬರೆದುಕೊಂಡದ್ದು ಅದರಿಂದಲೇ. ಕಣ್ಣೆದುರಿಗೆ ಕಂಡ ಒಂದೇ ಕೊರತೆಯನ್ನು ಕೈಗೆತ್ತಿಕೊಂಡವರು ಬಹಳ ಜನರಿಗೆ ಉಪಕಾರಿಗಳಾದರೆಂಬುದು ಇವೆರಡರ ಪಾಠ.

ಈ ಪಾಠವನ್ನು ಅನುಸರಿಸಿ ಮೊದಲ ಎರಡು ತಿಂಗಳು ನಾನು ಗಣಕವನ್ನು ಮುಟ್ಟಲೇ ಇಲ್ಲ. ಇನ್ನೂರು ಪುಟದ ನೋಟುಬುಕ್ಕೊಂದರಲ್ಲಿ ಮಕ್ಕಳು ಕೇಳಿದ ಪದಗಳನ್ನು ಮಾತ್ರ ಬರೆದುಕೊಂಡೆ. ನನಗೆ ಕಠಿಣವೆಂದು ತೋರಿದವುಗಳನ್ನಲ್ಲ. ಸಂಜೆ ಊಟಕ್ಕೆ ಮುಂಚಿನ ಒಂದು ತಾಸನ್ನು ಇದಕ್ಕಾಗಿ ಮೀಸಲಿಟ್ಟೆ. ಆ ತಾಸು ಮುಗಿದೊಡನೆ ಎದ್ದುಬಿಡುವುದು ನಿಯಮ. ಬಿಡುವಿನ ಕೆಲಸವು ವೃತ್ತಿಯನ್ನೂ ಸಂಸಾರವನ್ನೂ ನುಂಗತೊಡಗಿದರೆ ಅದು ಬಹಳ ದಿನ ಬಾಳದು. ಮೊದಲ ಆವೃತ್ತಿಗೆ ನೂರು ಪದಗಳು ಸಾಕೆಂದು ಗೆರೆ ಎಳೆದುಕೊಂಡೆ. ಚಿತ್ರ, ಧ್ವನಿ, ರಸಪ್ರಶ್ನೆ ಮುಂತಾದ ಆಸೆಗಳನ್ನು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟು ಮುಚ್ಚಿದೆ.

ಉಪಕರಣವಾಗಿ ಆರಿಸಿಕೊಂಡದ್ದು 'ಆ್ಯಪ್ ಇನ್ವೆಂಟರ್' ಎಂಬುದನ್ನು. 2010ರಲ್ಲಿ ಗೂಗಲ್ ಸಂಸ್ಥೆಯಲ್ಲಿ ಹೊರಬಂದು, ಅನಂತರ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಆಶ್ರಯಕ್ಕೆ ಸೇರಿದ ಇದು ಉಚಿತವಾಗಿ ದೊರೆಯುತ್ತದೆ. ಇದರಲ್ಲಿ ಆಜ್ಞೆಗಳನ್ನು ಅಕ್ಷರಗಳಲ್ಲಿ ಬರೆಯಬೇಕಾಗಿಲ್ಲ. ಬಣ್ಣಬಣ್ಣದ ತುಂಡುಗಳನ್ನು ಮಕ್ಕಳ ಆಟಿಗೆಯಂತೆ ಒಂದಕ್ಕೊಂದು ಜೋಡಿಸಿದರಾಯಿತು. 'ಗುಂಡಿ ಒತ್ತಿದಾಗ, ಪಟ್ಟಿಯಲ್ಲಿ ಪದವನ್ನು ಹುಡುಕು, ದೊರೆತರೆ ಅರ್ಥವನ್ನು ತೋರಿಸು' ಎಂಬ ಮೂರು ಹೆಜ್ಜೆಗಳೇ ನನ್ನ ಆ್ಯಪಿನ ಪ್ರಾಣ. ಎರಡು ವಾರಗಳಲ್ಲಿ ಅದು ನಡೆಯತೊಡಗಿತು.

ಆದರೆ ಕನ್ನಡವನ್ನು ಯಂತ್ರಕ್ಕೆ ಒಪ್ಪಿಸುವಾಗ ಕೆಲವು ಸೂಕ್ಷ್ಮಗಳನ್ನು ಅರಿಯಬೇಕಾಗುತ್ತದೆ. ಮೊದಲನೆಯದಾಗಿ, ಹಳೆಯ ಅಕ್ಷರವಿನ್ಯಾಸಗಳಲ್ಲಿ ಟೈಪು ಮಾಡಿದ ಪಟ್ಟಿಗಳು ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಎರಡನೆಯದು ವರ್ಣಮಾಲೆಯ ಕ್ರಮ. ಯುನಿಕೋಡ್ ಸಂಕೇತಗಳಲ್ಲಿ 'ಳ' ಅಕ್ಷರವು 'ಲ'ದ ಬೆನ್ನಿಗೇ, 'ವ'ಕ್ಕಿಂತ ಮುಂಚೆ ಕುಳಿತಿದೆ. ಆದಕಾರಣ ಯಂತ್ರವು ತಾನಾಗಿ ಪಟ್ಟಿಯನ್ನು ಜೋಡಿಸಿದರೆ 'ಅಳತೆ' ಮೊದಲು, 'ಅವಧಿ' ಆಮೇಲೆ ಬರುತ್ತದೆ. ಶಾಲೆಯಲ್ಲಿ ನಾವು ಕಲಿಸುವ ವರ್ಣಮಾಲೆಯಲ್ಲಿ 'ಳ' ಕೊನೆಯ ಅಕ್ಷರವಷ್ಟೆ. ಮೂರನೆಯದು ಕಣ್ಣಿಗೆ ಕಾಣದ ಚಿಹ್ನೆಯೊಂದರ ಕಥೆ. 'ನ್ಯೂಟನ್‌ನ' ಎಂಬಲ್ಲಿ ಅಕ್ಷರಗಳು ಒತ್ತಾಗಿ ಕೂಡಿಕೊಳ್ಳದಂತೆ ಟೈಪು ಮಾಡುವವರು ನಡುವೆ ಅದೃಶ್ಯ ಚಿಹ್ನೆಯೊಂದನ್ನು ಇಡುತ್ತಾರೆ. 'ಪೈಥಾಗೊರಸ್' ಎಂಬಂಥ ಪದದ ಕೊನೆಯಲ್ಲಿ ಅದೇ ಚಿಹ್ನೆ ಉಳಿದುಕೊಂಡರೆ ಕಣ್ಣಿಗೆ ವ್ಯತ್ಯಾಸವೇ ಕಾಣದು. ಯಂತ್ರಕ್ಕೆ ಮಾತ್ರ ಅವು ಬೇರೆಬೇರೆ ಪದಗಳು, ಹುಡುಕಿದರೆ ಸಿಗುವುದಿಲ್ಲ. ಹೋಲಿಸುವ ಮೊದಲು ಎರಡೂ ಕಡೆಯಿಂದ ಆ ಚಿಹ್ನೆಯನ್ನು ತೆಗೆದುಹಾಕುವುದೇ ಇದಕ್ಕೆ ಪರಿಹಾರ. ಇಂಥ ವಿಷಯಗಳನ್ನು ಕನ್ನಡ ಬಲ್ಲವನೇ ಗಮನಿಸಬೇಕು. ಅನ್ಯರು ನಮಗಾಗಿ ಗಮನಿಸುವರೆಂದು ಕಾದು ಕೂಡುವುದು ತರವಲ್ಲ.

ಆ್ಯಪು ಯಾರ ಕೈಗೆ ಹೋಗಬೇಕೋ ಅವರ ಮನೆಯ ಸ್ಥಿತಿಯನ್ನೂ ತಿಳಿಯಬೇಕಾಗುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಯಲ್ಲಿ ಇರುವುದು ಒಂದೇ ಮೊಬೈಲು. ಅದು ಹಗಲು ತಂದೆಯೊಡನೆ ಹೊಲಕ್ಕೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತದೆ. ಆಗ ನೆಟ್‌ವರ್ಕ್ ಇರುವುದೆಂಬ ಭರವಸೆಯಿಲ್ಲ. ಆದ್ದರಿಂದ ಪದಗಳನ್ನೆಲ್ಲ ಆ್ಯಪಿನೊಳಗೇ ಇರಿಸಿ, ಅಂತರಜಾಲವಿಲ್ಲದೆಯೂ ನಡೆಯುವಂತೆ ಮಾಡಿದೆ. ಪ್ಲೇ ಸ್ಟೋರಿನಲ್ಲಿ ಪ್ರಕಟಿಸಲು ಒಂದು ಬಾರಿ 25 ಡಾಲರ್ ಶುಲ್ಕವಿದೆ. 2023ರ ನವೆಂಬರದ ನಂತರ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಪ್ರಕಟಣೆಗೆ ಮುನ್ನ ನಿಗದಿತ ಸಂಖ್ಯೆಯ ಜನರಿಂದ 14 ದಿನ ಸತತವಾಗಿ ಪರೀಕ್ಷೆ ಮಾಡಿಸಬೇಕೆಂಬ ನಿಯಮವೂ ಬಂದಿದೆ. ಮೊದಲಿಗೆ ಅದಾವುದೂ ನನಗೆ ಬೇಕಾಗಲಿಲ್ಲ. ಆ್ಯಪಿನ ಕಡತವನ್ನು ಆರು ಜನ ಮಕ್ಕಳ ಮನೆಯ ಮೊಬೈಲುಗಳಿಗೆ ನೇರವಾಗಿ ಕೊಟ್ಟೆ.

ಅದರ ಫಲ ಕಂಡದ್ದು ನಾನು ನೆನೆಸಿರದ ಕಡೆಯಲ್ಲಿ. 'ಬಡ್ಡಿ ದರ' ಎಂಬ ಪದಕ್ಕೆ ಅರ್ಥ ಬರೆಯುವಾಗ, ಪುಸ್ತಕದ ದರವು ವರ್ಷದ್ದು, ಊರಿನ 'ನೂರಕ್ಕೆ ಎರಡು' ಎಂಬುದು ತಿಂಗಳದ್ದು, ಆದ್ದರಿಂದ ಅದು ವರ್ಷಕ್ಕೆ ಶೇಕಡಾ 24 ಆಗುತ್ತದೆ ಎಂದು ಸೇರಿಸಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ರಾತ್ರಿ ತಂದೆಗೆ ಓದಿ ಹೇಳಿದಳಂತೆ. ಅವರು ಬಿತ್ತನೆಗಾಗಿ 20,000 ರೂಪಾಯಿಗಳನ್ನು ನೂರಕ್ಕೆ ಮೂರರಂತೆ ತಂದಿದ್ದರು. ತಂದೆ-ಮಗಳು ಕೂಡಿ ಲೆಕ್ಕ ಹಾಕಿದರು: ತಿಂಗಳಿಗೆ 600, ವರ್ಷಕ್ಕೆ 7,200. "ಇಷ್ಟು ದಿನ ಮೂರು ಅಂತ ತಿಳ್ಕೊಂಡಿದ್ದೆ, ಇದು ಮೂವತ್ತಾರೇನವ್ವಾ?" ಎಂದು ತಂದೆ ಕೇಳಿದರೆಂದು ಹುಡುಗಿ ಮರುದಿನ ನನಗೆ ತಿಳಿಸಿದಳು. ಮುಂದಿನ ಹಂಗಾಮಿಗೆ ಅವರು ಸಹಕಾರಿ ಸಂಘದ ಸಾಲವನ್ನು ವಿಚಾರಿಸಲು ಹೋದರು. ಸಾಲ ತೀರಿತೆಂದು ನಾನು ಹೇಳಲಾರೆ. ಆದರೆ ಒಂದು ಪದದ ಅರ್ಥ ಸ್ಪಷ್ಟವಾದರೆ ಒಂದು ಮನೆಯು ತನ್ನ ಪರಿಸ್ಥಿತಿಯನ್ನು ಕಣ್ಣಾರೆ ಕಾಣಬಲ್ಲದೆಂಬುದು ಅಂದು ನನಗೆ ಮನದಟ್ಟಾಯಿತು.

ಈಗ ಪದಗಳ ಸಂಖ್ಯೆ ನಾನೂರನ್ನು ದಾಟಿದೆ. ಅರ್ಥಗಳನ್ನು ತಿದ್ದುವವರು ಬಹುಪಾಲು ಮಕ್ಕಳೇ. "ಸರ್, ಹಿಂಗ್ ಬರದ್ರ ನಮ್ಮ ಅವ್ವಗೂ ತಿಳೀತದ್ರಿ" ಎಂದು ಅವರು ಹೇಳಿದ ವಾಕ್ಯವೇ ಮೇಲಾಗಿರುತ್ತದೆ. ಮಾಸ್ತರನಾದವನು ಇಂದು ಇಲ್ಲಿ, ನಾಳೆ ಇನ್ನೆಲ್ಲಿಯೋ. ಆದ್ದರಿಂದ ಪದಪಟ್ಟಿಯನ್ನೂ ಆ್ಯಪಿನ ಮೂಲಕಡತವನ್ನೂ ಶಾಲೆಯ ಗಣಕದಲ್ಲಿ ಇರಿಸಿ, ಇಬ್ಬರು ವಿದ್ಯಾರ್ಥಿಗಳಿಗೆ ತುಂಡು ಜೋಡಿಸುವ ವಿದ್ಯೆಯನ್ನು ಹೇಳಿಕೊಟ್ಟಿದ್ದೇನೆ. ಇನ್ನೊಬ್ಬರು ಮುಂದುವರಿಸಲಾಗದ ಕೆಲಸವು ಅರ್ಧ ಕೆಲಸವೇ.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ದೊಡ್ಡ ನಗರಗಳಲ್ಲಿ ಗಣಕದ ವೃತ್ತಿಯಲ್ಲಿದ್ದೀರಿ. ನನಗಿಂತ ನೂರು ಪಾಲು ಬಲ್ಲವರಿದ್ದೀರಿ. ಉಪಾಧ್ಯಾಯ ಬಂಧುಗಳು ಮಕ್ಕಳ ಕಷ್ಟವನ್ನು ನಿತ್ಯ ಕಾಣುವವರು. ದಾನಿಗಳು ಈ ಶಾಲೆಗೆ ಕಟ್ಟಡವನ್ನೂ ಪುಸ್ತಕಗಳನ್ನೂ ನೀಡಿದ ಉದಾರಿಗಳು. ತಮ್ಮೆಲ್ಲರಲ್ಲಿ ನನ್ನ ಅರಿಕೆ ಇಷ್ಟೇ: ತಾವು ಬಲ್ಲ ಊರಿನ ಒಂದು ಕೊರತೆಯನ್ನು ಆರಿಸಿಕೊಳ್ಳಿರಿ, ದಿನಕ್ಕೊಂದು ತಾಸನ್ನು ಕೊಡಿರಿ, ಮೊದಲು ಆರು ಜನರಿಗೆ ಉಪಯೋಗವಾಗುವಷ್ಟನ್ನು ಮುಗಿಸಿರಿ. ಬೆಳೆಸುವುದನ್ನು ಆ ಆರು ಜನರೇ ತಮಗೆ ಕಲಿಸುತ್ತಾರೆ.