ಕಾರಿನ ಬಾಯಿ ಮುಚ್ಚಿಸಿದ ಕಥೆ

ನಮ್ಮ ಮನೆಯಲ್ಲಿ ಕೂಗುವ ಸಾಮಾನುಗಳಿಗೇನೂ ಕೊರತೆಯಿಲ್ಲ. ಬೆಳಿಗ್ಗೆ ಎದ್ದರೆ ಕುಕ್ಕರಿನ ಸೀಟಿ, ಆಮೇಲೆ ಬಟ್ಟೆ ಒಗೆಯುವ ಮೆಷಿನ್ನಿನ ಟೀಂ ಟೀಂ, ಬಾಗಿಲು ಸರಿಯಾಗಿ ಹಾಕದಿದ್ದರೆ ಫ್ರಿಜ್ಜಿನ ಗೊಣಗಾಟ. 2020ರಲ್ಲಿ ಕಾರು ಬಂದ ಮೇಲೆ ಅದರ ಕೂಗೂ ಸೇರಿಕೊಂಡಿತು. ರಿವರ್ಸ್ ಗೇರ್ ಹಾಕಿ ಹಿಂದಕ್ಕೆ ಹೋಗುತ್ತಿದ್ದರೆ, ಗೋಡೆ ಹತ್ತಿರವಾದಂತೆಲ್ಲ 'ಪೀಂ... ಪೀಂ... ಪೀಂಪೀಂಪೀಂ' ಎಂದು ಅವಸರ ಮಾಡುತ್ತದೆ. 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಈ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿದೆ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತ ನನ್ನಂಥವಳಿಗೆ ಅದು ಸರ್ಕಾರ ಕೊಟ್ಟದ್ದಲ್ಲ, ದೇವರೇ ಕೊಟ್ಟದ್ದು ಎಂದುಕೊಂಡಿದ್ದೆ.

ಮೊನ್ನಿನ ಮಳೆಗಾಲದಲ್ಲಿ ಆ ವರವೇ ಶಾಪವಾಯಿತು. ತೀರ್ಥಹಳ್ಳಿಯ ಮಳೆ ಎಂದರೆ ಕೇಳಬೇಕೆ? ಒಮ್ಮೆ ಪೇಟೆಗೆ ಹೋಗಿ ಬಂದರೆ ಕಾರಿನ ಹಿಂಭಾಗಕ್ಕೆಲ್ಲ ಕೆಂಪು ರಾಡಿಯ ಅಭಿಷೇಕ. ಒಂದು ಬೆಳಿಗ್ಗೆ ರಿವರ್ಸ್ ಗೇರ್ ಹಾಕಿದ ತಕ್ಷಣ ಉಸಿರೇ ತೆಗೆಯದೆ 'ಪೀಂ...' ಎಂದು ಒಂದೇ ರಾಗ. ಇಳಿದು ನೋಡಿದರೆ ಹಿಂದೆ ನರಪಿಳ್ಳೆಯೂ ಇಲ್ಲ. ಮರುದಿನವೂ ಅದೇ, ಅದರ ಮರುದಿನವೂ ಅದೇ.

"ನಿನಗೆ ಹಿಂದಕ್ಕೆ ತೆಗೆಯೋಕೆ ಬರಲ್ಲ ಅಂತ ಅದಕ್ಕೂ ಗೊತ್ತಾಗಿದೆ" ಎಂದರು ಇವರು. ಜಗಲಿಯ ಮೇಲೆ ಕೂತಿದ್ದ ನಮ್ಮತ್ತೆಯವರು ಮಾತ್ರ, "ಪಾಪ, ಅದಕ್ಕೇನಾಗಿದೆಯೋ ಕೇಳಬಾರದೇನೇ?" ಎಂದರು. ನಾವಿಬ್ಬರೂ ನಕ್ಕುಬಿಟ್ಟೆವು. ಎಂಬತ್ತಾರರ ಮುದುಕಿಗೆ ಕಾರಿನ ಸಂಗತಿ ಏನು ಗೊತ್ತು!

ಹದಿನೈದು ದಿನ ಸಹಿಸಿ ಕೊನೆಗೆ ನಾನೇ ಹೇಳಿದೆ, "ರೀ, ಹೇಗಾದರೂ ಮಾಡಿ ಇದರ ಬಾಯಿ ಮುಚ್ಚಿಸಿ." ಇವರು ಡಿಕ್ಕಿಯ ಒಳಗೆ ಕೈಹಾಕಿ, ಅದ್ಯಾವುದೋ ವೈರು ಕಿತ್ತರು. ಮನೆಗೆ ಶಾಂತಿ ಬಂತು.

ಅದೇ ದಿನಗಳಲ್ಲಿ ಅತ್ತೆಯವರ ಕಿವಿಯ ಮೆಷಿನ್ನೂ ರಾಗ ಶುರುಮಾಡಿತ್ತು. ಹಾಕಿಕೊಂಡರೆ 'ಕುಂಯ್' ಎಂದು ಸಣ್ಣಗೆ ಸೀಟಿ ಹೊಡೆಯುತ್ತಿತ್ತು. ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತಿತ್ತು. ನಾಲ್ಕು ಸಲ ಹೇಳಿ ನೋಡಿದ ಅವರು ಅದನ್ನು ತೆಗೆದು ಡಬ್ಬಿಯಲ್ಲಿಟ್ಟರು. ಆಮೇಲೆ "ಯಾರದು ಬಂದದ್ದು?", "ಅದೇನು ಬಿದ್ದದ್ದು?" ಎಂಬ ಅವರ ಪ್ರಶ್ನೆಗಳೂ ನಿಂತವು. "ಅತ್ತೆ ಈಗ ಎಷ್ಟು ಶಾಂತವಾಗಿದ್ದಾರೆ!" ಎಂದು ನಾನೇ ನನ್ನ ತಂಗಿಗೆ ಫೋನಿನಲ್ಲಿ ಹೇಳಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಶ್ರಾವಣದ ಒಂದು ಶುಕ್ರವಾರ. ದೇವಸ್ಥಾನಕ್ಕೆ ಹೊರಟಿದ್ದೆ. ಕಾರು ಹತ್ತಿ, ಕನ್ನಡಿ ನೋಡಿ, ಹಿಂದಕ್ಕೆ ಬಿಟ್ಟೆ. ಕಾರೂ ಸುಮ್ಮನಿತ್ತು. ಬೇಲಿಯಾಚೆಯಿಂದ ಪಕ್ಕದ ಮನೆಯಾಕೆ "ಅಯ್ಯೋ, ನಿಲ್ಸಿ! ನಿಲ್ಸಿ!" ಎಂದು ಕಿರುಚಿಕೊಂಡರು. ಬ್ರೇಕ್ ತುಳಿದು ಇಳಿದು ಓಡಿದೆ. ಕಾರಿನ ಎಡಗಡೆ ಮೂಲೆಯಿಂದ ಒಂದು ಮೊಳ ದೂರದಲ್ಲಿ ನಮ್ಮತ್ತೆ ಕುಕ್ಕರಗಾಲಿನಲ್ಲಿ ಕೂತು, ನೆಲಕ್ಕೆ ಉದುರಿದ ಪಾರಿಜಾತದ ಹೂ ಆಯುತ್ತಿದ್ದರು. ಕನ್ನಡಿಗೆ ಕಾಣದಷ್ಟು ಕೆಳಗೆ. ಕಾರು ಸ್ಟಾರ್ಟ್ ಆದದ್ದೂ ಅವರಿಗೆ ಕೇಳಿಸಿರಲಿಲ್ಲ. ನನ್ನ ಮುಖ ನೋಡಿ, "ಯಾಕೇ, ಏನಾಯ್ತು?" ಎಂದು ನಕ್ಕರು. ನನಗೆ ಕೈಕಾಲು ನಡುಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅವತ್ತು ದೇವಸ್ಥಾನಕ್ಕೆ ಹೋಗಲಿಲ್ಲ, ಗ್ಯಾರೇಜಿಗೆ ಹೋದೆ.

ಶೋರೂಮಿಗೆ ಫೋನ್ ಮಾಡಿದ್ದಕ್ಕೆ "ಪೂರ್ತಿ ಸೆಟ್ಟೇ ಬದಲಾಯಿಸಬೇಕಾಗಬಹುದು" ಎಂದಿದ್ದರು. ಗ್ಯಾರೇಜಿನ ಹುಡುಗ ಮಾತ್ರ, "ಮೊದಲು ರೋಗ ಯಾವುದು ಅಂತ ನೋಡೋಣ ಅಮ್ಮಾ" ಎಂದ. ಕಿತ್ತ ವೈರು ಜೋಡಿಸಿದ. ಗೇರ್ ಹಾಕಿದೊಡನೆ ಬರುವ ಆ ಒಂದೇ ರಾಗದ ಅರ್ಥವನ್ನೂ ಅವನೇ ಹೇಳಿದ. ನಮ್ಮ ಕಾರಿನಲ್ಲಿ ಅದು 'ಹಿಂದೆ ಏನೋ ಇದೆ' ಎಂಬ ಕೂಗಲ್ಲವಂತೆ. 'ನನಗೇ ಹುಷಾರಿಲ್ಲ, ನನ್ನನ್ನು ನಂಬಬೇಡಿ' ಎಂಬ ಕೂಗಂತೆ. ಇದು ಕೇಳಿ ನನಗೆ ಅತ್ತೆಯವರ ಮಾತು ನೆನಪಾಯಿತು.

ಪರೀಕ್ಷೆ ಮಾಡುವ ವಿಧಾನ ನಮ್ಮ ಅಡುಗೆಮನೆಯ ಕೆಲಸದಷ್ಟೇ ಸುಲಭ. ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿ ರಿವರ್ಸ್ ಗೇರ್ ಹಾಕಬೇಕು. ಆಮೇಲೆ ಬಂಪರಿನಲ್ಲಿ ಗುಂಡಿಯಂತೆ ಕಾಣುವ ಒಂದೊಂದು ಸೆನ್ಸರಿಗೂ ಕಿವಿಗೊಡಬೇಕು. ದೊಡ್ಡ ಕಾರುಗಳಿಗೆ ಸಾಮಾನ್ಯವಾಗಿ ನಾಲ್ಕಿರುತ್ತವೆ, ನಮ್ಮದಕ್ಕೆ ಎರಡೇ. ಬಾವಿಗೆ ಬಗ್ಗಿ ಕೂ ಎಂದರೆ ಕೂ ಎಂದು ಮರುದನಿ ಬರುತ್ತದಲ್ಲ, ಇವುಗಳ ಕೆಲಸವೂ ಅದೇ. ಸದ್ದು ಹೊರಡಿಸುತ್ತವೆ, ತಾಗಿ ಹಿಂದಿರುಗುವುದಕ್ಕೆ ಹಿಡಿದ ಸಮಯದಿಂದ ದೂರ ಅಳೆಯುತ್ತವೆ. ಒಂದು ಮೀಟರ್ ದೂರದ ಗೋಡೆಗೆ ಹೋಗಿಬರಲು ಸೆಕೆಂಡಿನ 170ರಲ್ಲಿ ಒಂದು ಪಾಲು ಸಾಕು. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗಿನ ಸದ್ದು ಕೇಳಿಸಿದರೆ ಇವುಗಳದು 40,000ದ ಆಸುಪಾಸಿನದು. ಬಾವಲಿಗಳು ಕತ್ತಲಲ್ಲಿ ಹಾರುವುದೂ ಇಂಥದೇ ಉಪಾಯದಿಂದ. ಆ ಸದ್ದು ನಮಗೆ ಕೇಳದಿದ್ದರೂ ಅದು ಹೊರಡುವಾಗಿನ ಸಣ್ಣ 'ಟಿಕ್ ಟಿಕ್' ಕಿವಿ ಹತ್ತಿರವಿಟ್ಟರೆ ಕೇಳುತ್ತದೆ, ಬೆರಳಿಟ್ಟರೆ ತಿಳಿಯುತ್ತದೆ.

ಬಲಗಡೆಯದಕ್ಕೆ ಬೆರಳಿಟ್ಟೆ, ಮಗುವಿನ ನಾಡಿಯಂತೆ ಮಿಡಿಯುತ್ತಿತ್ತು. ಎಡಗಡೆಯದು ತಣ್ಣಗಿತ್ತು. ಒದ್ದೆಬಟ್ಟೆಯಿಂದ ರಾಡಿ ಒರೆಸಿದರೂ ಅಷ್ಟೇ. ರಾಡಿಯಿಂದಾದ ತೊಂದರೆಯಾದರೆ ಒರೆಸಿದರೇ ಹೋಗುತ್ತದಂತೆ. ಹುಡುಗ ಬಂಪರಿನ ಕ್ಲಿಪ್ಪು ಬಿಚ್ಚಿ ಎರಡನ್ನೂ ಅದಲುಬದಲು ಮಾಡಿದ. ಈಗ ಎಡದಲ್ಲಿ ಟಿಕ್ ಟಿಕ್, ಬಲದಲ್ಲಿ ಮೌನ. "ನೋಡಿ ಅಮ್ಮಾ, ಮೌನ ಸೆನ್ಸರಿನ ಜೊತೆಗೇ ಹೋಯಿತು. ಅಂದರೆ ವೈರು ಸರಿಯಾಗಿದೆ, ಸತ್ತಿರುವುದು ಇದೊಂದೇ. ಎಡಗಡೆಯಲ್ಲೇ ಉಳಿದಿದ್ದರೆ ವೈರು ಹುಡುಕಬೇಕಿತ್ತು" ಎಂದ. ಒಳಗೆ ನೀರು ಹೋಗಿ ಪಿನ್ನು ಹಿತ್ತಾಳೆ ಪಾತ್ರೆಯಂತೆ ಹಸಿರು ಕಿಲುಬು ಹಿಡಿದಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೋಗುವ ಕಿಲುಬಲ್ಲ ಅದು.

ಹೊಸದನ್ನು ತರಲು ಶಿವಮೊಗ್ಗಕ್ಕೆ ಹೋಗಬೇಕಾಯಿತು. ಅತ್ತೆಯವರನ್ನೂ, ಅವರ ಡಬ್ಬಿಯನ್ನೂ ಜೊತೆಗೆ ಕರೆದುಕೊಂಡು ಹೋದೆ. ಕಿವಿಯ ಡಾಕ್ಟರಮ್ಮ ನೋಡಿ, ವಯಸ್ಸಾದಂತೆ ಕಿವಿಯ ಆಕಾರವೂ ಬದಲಾಗುತ್ತದೆ, ಅಚ್ಚು ಸಡಿಲವಾಗಿ ಸದ್ದು ಹೊರಗೆ ಸೋರಿ ಮತ್ತೆ ಮೆಷಿನ್ನಿನೊಳಗೇ ಹೋಗುವುದರಿಂದ ಸೀಟಿ ಬರುತ್ತದೆ ಎಂದು ವಿವರಿಸಿದರು. ಹೊಸ ಅಚ್ಚಿಗೆ ಅಳತೆ ತೆಗೆದುಕೊಂಡರು. "ಇಷ್ಟು ದಿನ ಯಾಕಮ್ಮಾ ಬರಲಿಲ್ಲ?" ಎಂದು ಅವರು ಕೇಳಿದ್ದು ಅತ್ತೆಯವರನ್ನು, ತಲೆ ತಗ್ಗಿಸಿದ್ದು ನಾನು.

ಹೊಸ ಸೆನ್ಸರ್ ಕಪ್ಪು ಬಣ್ಣದ್ದು, ನಮ್ಮ ಕಾರು ಬಿಳಿ. ಇವರಿಗೆ ಅದಕ್ಕೂ ಬಿಳಿ ಪೇಂಟ್ ಹೊಡೆಸುವ ಆಸೆ. "ದಪ್ಪವಾಗಿ ಪೇಂಟ್ ಬಿದ್ದರೆ ಅದಕ್ಕೆ ಕಿವಿ ಮಂದವಾಗುತ್ತೆ ಸಾರ್" ಎಂದು ಹುಡುಗ ತಡೆದ. ರಬ್ಬರಿನ ಬಳೆ ಸರಿಯಾಗಿ ಕೂರಿಸಿ, 'ಟಕ್' ಎನ್ನುವವರೆಗೆ ಒತ್ತಿ, ಬಂಪರ್ ಹಾಕಿದ. ಹೀಗಾಗಿ ನಮ್ಮ ಬಿಳಿ ಕಾರಿಗೆ ಈಗ ಹಿಂದೆ ಒಂದು ಕಪ್ಪು ದೃಷ್ಟಿಬೊಟ್ಟಿದೆ.

ಮನೆಗೆ ಬಂದ ಮೇಲೆ ಇವರ ಕೈಗೆ ಊಟದ ಮಣೆ ಕೊಟ್ಟು ಕಾರಿನ ಹಿಂದೆ ನಿಲ್ಲಿಸಿ ಪರೀಕ್ಷೆ ಮಾಡಿದೆ. ಮಣೆ ಹತ್ತಿರ ಬಂದಂತೆ ಪೀಂಪೀಂ ಎಂದಿತು. ಮಣೆಗೆ ದಪ್ಪ ಕಂಬಳಿ ಹೊದಿಸಿದರೆ ತಡವಾಗಿ ಕೂಗಿತು. ಮೆತ್ತನೆಯ ಬಟ್ಟೆ ಸದ್ದನ್ನು ನುಂಗುತ್ತದಂತೆ. ನೆಲದ ಮೇಲಿಟ್ಟ ಇಟ್ಟಿಗೆಗೆ ಕೂಗಲೇ ಇಲ್ಲ. ಅಂದರೆ ಅವತ್ತು ಸೆನ್ಸರ್ ಸರಿಯಿದ್ದಿದ್ದರೂ ಶಾಲು ಹೊದ್ದು ಕೂತಿದ್ದ ಅತ್ತೆಯವರನ್ನು ಕಂಡೇ ಕಾಣುತ್ತಿತ್ತು ಎಂದು ಹೇಳುವಂತಿಲ್ಲ. ಆದ್ದರಿಂದ ಈಗ ಕಾರು ಹತ್ತುವ ಮೊದಲು ತುಳಸಿಗೆ ಬಂದಂತೆ ಕಾರಿಗೂ ಒಂದು ಸುತ್ತು ಬರುತ್ತೇನೆ. ಇವರು ಪ್ರದಕ್ಷಿಣೆ ಎಂದು ನಗುತ್ತಾರೆ. ನಗಲಿ.

ಹೊಸ ಅಚ್ಚು ಬಂದು, ಅತ್ತೆಯವರು ಮೆಷಿನ್ನು ಹಾಕಿಕೊಂಡು ಮತ್ತೆ ಜಗಲಿಗೆ ಬಂದು ಕೂತಿದ್ದಾರೆ. "ಯಾರದು?", "ಏನದು?" ಎಲ್ಲ ಮೊದಲಿನಂತೆಯೇ ಶುರುವಾಗಿದೆ. ನಿನ್ನೆ ಅಡುಗೆಮನೆಯಲ್ಲಿ ಮಿಕ್ಸಿ ಒಂದು ಥರಾ ಗರಗರ ಎಂದಿತು. ಸಿಟ್ಟಿನಿಂದ ಸ್ವಿಚ್ ಆರಿಸಲು ಹೋದೆ. ಜಗಲಿಯಿಂದಲೇ ಅತ್ತೆ ಕೂಗಿದರು:

"ಪಾಪ, ಅದಕ್ಕೇನಾಗಿದೆಯೋ ನೋಡೇ!"

ಈ ಸಲ ನಾನು ನಗಲಿಲ್ಲ. ಸ್ವಿಚ್ ಆರಿಸಿ, ಜಾರು ತೆಗೆದು ನೋಡಿದೆ.