ಅಪ್ಪನ ಚಿಪ್ಸಿನ ನೆಲ, ಅವ್ವನ ನಾಲ್ಕು-ಏಳು

ಭಾಗ 1/7

ಫೋಟೋದಾಗ ಕಾಣೋ ಕಾಲು ನನ್ನವು. ಕಾಲ ಕೆಳಗಿನ ನೆಲ ನಮ್ಮಪ್ಪ ಮಾಡಿದ್ದು. ಆಳಂದದ ಒಂದು ಹಳೇ ಮನೆಯ ಪಡಸಾಲೆ ಇದು. ನಾನು ಹುಟ್ಟೋಕಿಂತ ಮೊದಲೇ ಹಾಕಿದ ನೆಲ, ಇವತ್ತಿಗೂ ಒದ್ದೆ ಬಟ್ಟೆಯಿಂದ ಒರೆಸಿದರೆ ಬಿಳಿ, ಹಸಿರು, ಕರಿ ಚಿಪ್ಸು ಒಂದೊಂದಾಗಿ ಎದ್ದು ಕಾಣ್ತಾವೆ.

ಹೋದ ವಾರ ಇದನ್ನ ಸ್ಟೋರಿಗೆ ಹಾಕಿದ್ದೆ. ನಮ್ಮ ಕ್ಲಾಸಿನ ಹನ್ನೊಂದು ಮಂದಿ ಒಂದೇ ಪ್ರಶ್ನೆ ಕೇಳಿದ್ರಿ: "ಇದು ಯಾವ ಕಂಪನಿ ಟೈಲ್ಸಲೇ?" ಸಿವಿಲ್ ಡಿಪ್ಲೊಮಾ ಓದೋ ಹುಡುಗರು ನಾವು! ಒಬ್ಬ ಅಂತೂ ಬೆಂಗಳೂರಿನ ಯಾವುದೋ ಕೆಫೆಯ ರೀಲ್ ಕಳಿಸಿ, "ಟೆರಾಝೊ ಅಂದ್ರ ಇದೇ ನೋಡು, ಈಗ ಭಾಳ ಟ್ರೆಂಡ್ ಅದ" ಅಂದ. ಅದನ್ನ ಅಪ್ಪಗ ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ನೋಡಿ ಅಂದ: "ಇದು ನಮ್ಮ ಮೊಸಾಯಿಕೇ ಅಲ್ಲೇನು? ಇದಕ್ಕ ಹೆಸರು ಯಾವಾಗ ಬದಲಿ ಮಾಡಿದ್ರು?"

ಅದಕ್ಕೆ ಈ ಸರಣಿ. ಏಳು ಭಾಗ ಅದಾವೆ. ನಮ್ಮಪ್ಪ ಗೌಂಡಿ, ಅವ್ವ ಅದೇ ಕೆಲಸದಾಗ ಮಾಲು ಕಲಿಸೋಕೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕಿನಾಗ ಇಬ್ಬರೂ ಸೇರಿ ಹಾಕಿದ ನೆಲಗಳ ಲೆಕ್ಕ ಯಾರೂ ಬರೆದಿಟ್ಟಿಲ್ಲ. ನಾನಾದರೂ ಬರೆದಿಡ್ತೀನಿ. ನಾನು ಕೆಡಿಸಿದ ನೆಲದ ಕಥೆನೂ ಬರ್ತದೆ, ಆರನೇ ಭಾಗದಲ್ಲಿ.

ಭಾಗ 2/7

ಮೊದಲು ಇದು ಏನು ಅನ್ನೋದು ತಿಳ್ಕೊಳ್ಳಿ. ಟೈಲ್ಸು ಫ್ಯಾಕ್ಟರಿಯಲ್ಲಿ ಆಗ್ತದೆ, ಮನೆಗೆ ಬಂದು ಅಂಟಿಕೊಳ್ತದೆ. ಮೊಸಾಯಿಕ್ ನೆಲ ಮನೆಯೊಳಗೇ ಹುಟ್ತದೆ. ಅಮೃತಶಿಲೆಯ ಚೂರು, ಸಿಮೆಂಟು, ಬಣ್ಣ, ನೀರು ಕಲಿಸಿ ಹಾಸಿ, ಗಟ್ಟಿಯಾದ ಮೇಲೆ ಕಲ್ಲಿನಿಂದ ತಿಕ್ಕಿ ತಿಕ್ಕಿ ಹೊಳಪು ತರೋದು.

ಈ ಪದ್ಧತಿ ಇಟಲಿಯ ವೆನಿಸ್ ಕಡೆಯದು. ದೊಡ್ಡವರ ಅರಮನೆಗೆ ಅಮೃತಶಿಲೆ ಕೆತ್ತಿದ ಮೇಲೆ ಉಳಿದ ಚೂರನ್ನ ಕೂಲಿಗಳು ತಮ್ಮ ಮನೆಗೆ ಒಯ್ದು ಗಾರೆಯಲ್ಲಿ ಕೂಡಿಸಿದರು ಅಂತ ಹೇಳ್ತಾರೆ. ನಮ್ಮ ದೇಶದಲ್ಲಿ ಸ್ವದೇಶಿ ಚಳವಳಿಯ ಗಾಳಿಯಲ್ಲಿ 1922ರಲ್ಲಿ ಮುಂಬೈಯಲ್ಲಿ ಭಾರತ್ ಫ್ಲೋರಿಂಗ್ಸ್ ಶುರುವಾಯ್ತು. ಹೊರದೇಶದ ಟೈಲ್ಸಿಗೆ ಎದುರಾಗಿ ಇಲ್ಲೇ ಸಿಮೆಂಟಿನ ನೆಲಬಿಲ್ಲೆ ಮಾಡೋದು ಅವರ ಉದ್ದೇಶ.

ನಮ್ಮ ಕಡೆ ನೆಲ ಅಂದ್ರೆ ಪರ್ಸಿ. ಶಹಾಬಾದ, ಚಿತ್ತಾಪುರದ ಕಡೆ ನೆಲ ಅಗೆದರೆ ಪದರು ಪದರಾಗಿ ಸುಣ್ಣದ ಕಲ್ಲು ಸಿಗ್ತದೆ. ಅದನ್ನೇ ಕೊಯ್ದು ಮನೆಗೆ ಹಾಸೋದು. ಅಗ್ಗ, ಬ್ಯಾಸಿಗೆಗೆ ತಂಪು, ನೂರು ವರ್ಷ ಬಾಳಿಕೆ. ಹಂಗಾಗಿ ನಮ್ಮಲ್ಲಿ ಮೊಸಾಯಿಕ್ ಹಾಕಿಸಿದವರು ಸ್ವಲ್ಪ ಶೋಕಿ ಮಂದಿನೇ. ತೊಗರಿ ಒಳ್ಳೆ ರೇಟಿಗೆ ಹೋದ ವರ್ಷ ಮನೆ ಕಟ್ಟಿದವರು, ನೌಕರಿಯಿಂದ ರಿಟೈರ್ ಆಗಿ ಬಂದ ಮಾಸ್ತರರು. ಅಡುಗೆ ಮನೆಗೆ ಪರ್ಸಿ, ಮಂದಿ ಬಂದು ಕೂಡೋ ಪಡಸಾಲೆಗೆ ಚಿಪ್ಸು.

ತಮಾಷೆ ನೋಡ್ರಿ. ಸಿಮೆಂಟು ನಮ್ಮ ವಾಡಿ, ಸೇಡಂ ಕಡೆಯದು. ಆದರೆ ಚಿಪ್ಸು ಬರೋದು ರಾಜಸ್ಥಾನದಿಂದ. ಕಲ್ಲಿನ ಮೇಲೆ ಕುಂತ ಜಿಲ್ಲೆಯವರು ನಾವು, ಗೋಣಿಚೀಲದಾಗ ಕಲ್ಲು ತರಿಸಿಕೊಳ್ತೀವಿ!

ಭಾಗ 3/7

ಅಪ್ಪ ಯಾವ ಮನೆಗೆ ಹೋದರೂ ಮೊದಲು ನೆಲ ನೋಡಂಗಿಲ್ಲ. ಹಿತ್ತಲಿಗೆ ಹೋಗಿ ಒಂದು ಹಿಡಿ ಮಣ್ಣು ತಗೊಂಡು, ನೀರು ಹಾಕಿ ಕೈಯಾಗ ಹಿಸುಕಿ ನೋಡ್ತಾನೆ. ಎರಿ ಮಣ್ಣಾದರೆ ಮುಖ ಸಣ್ಣದಾಗ್ತದೆ.

ನಮ್ಮ ಮೂರೂ ತಾಲ್ಲೂಕಿನಲ್ಲಿ ಹೆಚ್ಚಾಗಿ ಇರೋದು ಎರಿನೇ. ತೊಗರಿಗೆ ಬಂಗಾರ, ಮನೆಗೆ ವೈರಿ. ಇದರಾಗಿನ ಜೇಡಿ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬ್ಯಾಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಏಪ್ರಿಲ್‌ದಾಗ ಹೊಲಕ್ಕೆ ಹೋದರೆ ಕೈ ಇಳಿಯುವಷ್ಟು ಬಿರುಕು ಕಾಣ್ತಾವಲ್ಲ, ಅದೇ ಆಟ ಮನೆಯ ನೆಲದ ಕೆಳಗೂ ನಡೀತದೆ. ಪರ್ಸಿ ಬಿಡಿ ಬಿಡಿ ಕಲ್ಲು, ಒಂದು ಏರಿದರೆ ಎತ್ತಿ ಕೂಡಿಸಬಹುದು. ಮೊಸಾಯಿಕ್ ಒಂದೇ ಹಾಳೆ. ಕೆಳಗೆ ಅಲುಗಿದರೆ ಮೇಲೆ ಸೀಳ್ತದೆ.

ಅಫಜಲಪುರದ ಒಂದು ಮನೆಗೆ ರಿಪೇರಿಗೆ ಹೋಗಿದ್ದೆವು. ಭೀಮಾ ನದಿ ಕಡೆಯ ಹೊಲಕ್ಕೆ ಹತ್ತಿದ ಮನೆ. ಯಾರೋ ಎರಿ ಮಣ್ಣಿನ ಮೇಲೇ ಕಾಂಕ್ರೀಟ್ ಹಾಕಿ ಚಿಪ್ಸು ಹಾಸಿದ್ದರು. ಮೂಲೆಯಿಂದ ಮೂಲೆಗೆ ಸೀಳು, ಹಾವು ಹರಿದಂಗ. ಅಪ್ಪ ಅದರ ಮೇಲೆ ಕೈ ಆಡಿಸಿ, "ನೆಲದ್ದು ತಪ್ಪಿಲ್ಲ, ನೆಲದ ಕೆಳಗಿಂದು" ಅಂದ.

ಸರಿಯಾದ ದಾರಿ ಏನಂದ್ರೆ, ಎರಿ ಮಣ್ಣು ಆದಷ್ಟು ಆಳಕ್ಕೆ ತೆಗೆದು ಹಾಕಬೇಕು. ಆ ಜಾಗಕ್ಕೆ ಗರಸು ತುಂಬಿ, ಒಂದೊಂದು ಪದರಿಗೂ ನೀರು ಹೊಡೆದು ದಮ್ಮಸು ಮಾಡಬೇಕು. ಅದರ ಮೇಲೆ ಕಡಿ ಕಾಂಕ್ರೀಟು. ಈ ಕೆಲಸ ಯಾರಿಗೂ ಕಾಣಂಗಿಲ್ಲ, ಹಂಗಾಗಿ ರೊಕ್ಕ ಉಳಿಸೋರು ಮೊದಲು ಇಲ್ಲೇ ಉಳಿಸ್ತಾರೆ.

ಭಾಗ 4/7

ಅಪ್ಪನ ಚೀಲ ಬಿಚ್ಚೋಣ. ಎರಡನೇ ಫೋಟೋ ನೋಡ್ರಿ.

ಕರಣಿ: ಮಾಲು ಎತ್ತಿ ಹಾಕೋಕೆ. ಹಿಡಿಕೆ ಮೂರು ಸಲ ಬದಲಾಗಿದೆ, ತಗಡು ಹಳೇದೇ.
ಗುರ್ಮಾಲ: ಮೇಲ್ಮೈ ನುಣುಪು ಮಾಡೋ ಉಕ್ಕಿನ ಪಟ್ಟಿ.
ಕಟ್ಟಿಗೆ ರಂಧಾ: ಕೆಳಗಿನ ಕಾಂಕ್ರೀಟನ್ನ ಮಟ್ಟ ಮಾಡಿಯೂ ಒರಟಾಗಿ ಬಿಡೋಕೆ. ಒರಟು ಇದ್ದರೇನೇ ಮೇಲಿನ ಪದರು ಹಿಡ್ಕೊಳ್ತದೆ.
ನೀರಿನ ಪೈಪು: ಎರಡು ಕೊನೆಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ತದೆ. ಕೋಣೆಯ ನಾಲ್ಕೂ ಮೂಲೆಗೆ ಗುರುತು ಇದರಿಂದಲೇ. ನಮ್ಮ ಕಾಲೇಜಿನ ಲೆವೆಲ್ ಉಪಕರಣಕ್ಕೆ ನಾವು ಅರ್ಧ ತಾಸು ಸ್ಕ್ರೂ ತಿರುವ್ತೀವಿ. ಅಪ್ಪಗ ಎರಡು ನಿಮಿಷ ಸಾಕು.
ದಾರ, ಅಲ್ಯೂಮಿನಿಯಂ ಪಟ್ಟಿ, ಮೂಲೆ ಮಟ್ಟ.
ರೋಲರ್: ಹಾಸಿದ ಮಾಲಿನ ಮೇಲೆ ಉರುಳಿಸಿ ಚಿಪ್ಸನ್ನ ಒತ್ತಿ ಕೂಡಿಸೋಕೆ.
ಬಟ್ಟಿ: ಅಂದ್ರೆ ತಿಕ್ಕೋ ಕಲ್ಲು, ಕಾರ್ಬೊರಂಡಮ್. ನಂಬರ್ 60 ಒರಟು, 120 ಮಧ್ಯಮ, 320 ನುಣುಪು. ಮಷಿನ್ನು ಬಾಡಿಗೆಗೆ ತರ್ತೀವಿ, ಆದರೆ ಮೂಲೆಗೆ, ಮೆಟ್ಟಿಲಿಗೆ ಮಷಿನ್ ಹೋಗಂಗಿಲ್ಲ. ಅಲ್ಲಿ ಕೈಯೇ.

ಚೀಲದಾಗ ಇರದ ಒಂದು ವಸ್ತು ಗಾಜು. ನಾಲ್ಕು ಮಿಲಿಮೀಟರ್ ದಪ್ಪದ ಗಾಜಿನ ಪಟ್ಟಿ ನಿಲ್ಲಿಸಿ ಕೋಣೆಯನ್ನ ಚೌಕ ಚೌಕ ಮಾಡ್ತಾರೆ. ಶ್ರೀಮಂತರ ಮನೆಗೆ ಹಿತ್ತಾಳೆ ಪಟ್ಟಿ. ಸಣ್ಣವನಿದ್ದಾಗ ನಾನು ಅದು ಬರೀ ಡಿಸೈನ್ ಅಂತ ತಿಳಿದಿದ್ದೆ. ಒಂದೊಂದು ಚೌಕ ಎರಡು ಚದರ ಮೀಟರ್ ಮೀರಬಾರದು, ಒಂದು ಬದಿ ಎರಡು ಮೀಟರ್ ದಾಟಬಾರದು. ಸಿಮೆಂಟು ಒಣಗುವಾಗ ಕುಗ್ಗುತ್ತದೆ, ಚೌಕ ದೊಡ್ಡದಾದಷ್ಟು ಸೀಳೋ ಭಯ ಹೆಚ್ಚು. ಅಲುಗಾಡಿದರೂ ಗಾಜಿನ ಗೆರೆಯಲ್ಲಿ ಬಿಡಲಿ, ನಡುವೆ ಬ್ಯಾಡ ಅನ್ನೋದು ಲೆಕ್ಕ.

ಭಾಗ 5/7

ಈಗ ಅವ್ವನ ಪಾಳಿ.

ಮೂರನೇ ಸೆಮಿಸ್ಟರ್‌ದಾಗ ನಾನು ಲೈಬ್ರರಿಯಲ್ಲಿ ಐಎಸ್ 2114 ಅನ್ನೋ ಕೋಡ್ ನೋಡಿದೆ. ಸ್ಥಳದಲ್ಲೇ ಹಾಸೋ ಟೆರಾಝೊ ನೆಲದ ನಿಯಮ ಅದು. ಅದರ ಜೊತೆಗೆ ಸರ್ಕಾರಿ ಕೆಲಸದ ಸ್ಪೆಸಿಫಿಕೇಶನ್ನೂ ಓದಿದೆ. ಮೂರು ಪಾಲು ಸಿಮೆಂಟಿಗೆ ಒಂದು ಪಾಲು ಅಮೃತಶಿಲೆ ಪುಡಿ, ತೂಕದಲ್ಲಿ. ಆ ಮಿಶ್ರಣ ನಾಲ್ಕು ಪಾಲಾದರೆ ಚಿಪ್ಸು ಏಳು ಪಾಲು, ಅಳತೆಯಲ್ಲಿ. ನೋಟ್ಸ್ ಬರ್ಕೊಂಡು ಮನೆಗೆ ಬಂದು ದೊಡ್ಡ ಪಂಡಿತನಂಗ ಅವ್ವಗ ಓದಿ ಹೇಳಿದೆ.

ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. "ನಾಲ್ಕಕ್ಕ ಏಳು. ಹೌದಲ್ಲ, ನಾ ಇಪ್ಪತ್ತು ವರ್ಸದಿಂದ ಹಂಗೇ ಹಾಕ್ಲತ್ತೀನಿ. ಪುಸ್ತಕದಾಗ ಈಗ ಬಂತೇನು?"

ಅಪ್ಪ ನೆಲ ಹಾಸ್ತಾನೆ, ಸರಿ. ಆದರೆ ಮಾಲು ಕಲಿಸೋದು ಅವ್ವ. ಬಣ್ಣದ ಪುಡಿಯನ್ನ ಒಣ ಸಿಮೆಂಟಿನಲ್ಲೇ, ಇಡೀ ಕೋಣೆಗೆ ಆಗುವಷ್ಟು ಒಮ್ಮೆಗೇ ಕಲಿಸಿ ಇಡ್ತಾಳೆ. ಎರಡು ಸಲ ಕಲಿಸಿದರೆ ಬಣ್ಣ ಎರಡಾಗ್ತದೆ. ನೀರು ಕೊನೆಗೆ, ಅದೂ ಕಡಿಮೆ. ನೀರು ಹೆಚ್ಚಾದರೆ ಚಿಪ್ಸು ತಳಕ್ಕೆ ಕೂತು ಮೇಲೆ ಬರೀ ಸಿಮೆಂಟು ಉಳೀತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡಿ ಆಗಬೇಕು, ಕೈಯಿಂದ ನೀರು ಸೋರಬಾರದು. ಇಷ್ಟೆಲ್ಲಾ ಗೊತ್ತಿದ್ದೂ ಅವ್ವಗೆ ಬರೋದು ಹೆಣ್ಣಾಳಿನ ಕೂಲಿ, ಗೌಂಡಿದು ಅಲ್ಲ. ಇದನ್ನ ನಾನು ಮೊದಲ ಸಲ ಯೋಚನೆ ಮಾಡಿದ್ದು ಆ ಕೋಡ್ ಓದಿದ ದಿನ.

ಹಾಸೋ ಕ್ರಮ ಹೀಗೆ: ಒಟ್ಟು ದಪ್ಪ 40 ಮಿಲಿಮೀಟರ್. ಕೆಳಗೆ ಕಾಂಕ್ರೀಟ್ ಪದರು, ಮೇಲೆ ಚಿಪ್ಸಿನ ಪದರು ಚಿಪ್ಸಿನ ಗಾತ್ರ ನೋಡಿ 6, 9 ಇಲ್ಲಾ 12 ಮಿಲಿಮೀಟರ್. ಕೆಳಗಿನದು ಪೂರ್ತಿ ಒಣಗೋಕೆ ಬಿಡಬಾರದು. ಅದರ ಮೇಲೆ ಸಿಮೆಂಟ್ ಹಾಲು ಬಳಿದು, ಮಾಲು ಹಾಸಿ, ಖಾಲಿ ಕಂಡಲ್ಲಿ ಚಿಪ್ಸು ಉದುರಿಸಿ, ರೋಲರ್ ಹೊಡೆದು, ಗುರ್ಮಾಲದಿಂದ ಒತ್ತಬೇಕು. ಆಗ ನೋಡಿದರೆ ಏನೂ ಚಂದ ಇರಂಗಿಲ್ಲ, ಬೂದಿ ಬಳಿದಂಗ ಕಾಣ್ತದೆ. ಚಂದ ಒಳಗೆ ಅದ, ತಿಕ್ಕಿ ತೆಗೀಬೇಕು.

ಭಾಗ 6/7

ನಾನು ಕೆಡಿಸಿದ ನೆಲ.

ಹೋದ ಮೇ ತಿಂಗಳು, ಜೇವರ್ಗಿ ಹತ್ತಿರ ಒಂದು ಮನೆ. ಬಿಸಿಲು ಅಂದ್ರೆ ಸೈಕಲ್ ಸೀಟು ಮುಟ್ಟಂಗಿರಲಿಲ್ಲ. ನೆಲ ಹಾಸಿ ಮೂರನೇ ದಿನ. ಬಳಗದಾಗ ಯಾರೋ ತೀರಿಕೊಂಡರು ಅಂತ ಅಪ್ಪ, ಅವ್ವ ಇಬ್ಬರೂ ಊರಿಗೆ ಹೋದರು. ಹೋಗುವಾಗ ಅಪ್ಪ ಹೇಳಿದ್ದು ಒಂದೇ ಮಾತು: "ಗೋಣಿಚೀಲ ಒಣಗಾಕ ಬಿಡಬ್ಯಾಡ. ಮಷಿನ್ ಮುಟ್ಟಬ್ಯಾಡ."

ಮಾಲೀಕರಿಗೆ ಅವಸರ, ಗೃಹಪ್ರವೇಶದ ಕಾರ್ಡ್ ಹಂಚಿ ಆಗಿತ್ತು. "ನೀನು ಇಂಜಿನಿಯರಿಂಗ್ ಓದ್ತೀಯಲ್ಲ ತಮ್ಮಾ, ಶುರು ಮಾಡಿಬಿಡು" ಅಂದರು. ಆ ಮಾತಿಗೆ ನಾನು ಉಬ್ಬಿದೆ. ಉಗುರಿಂದ ಗೀರಿ ನೋಡಿದೆ, ಗಟ್ಟಿ ಅನ್ನಿಸ್ತು. 60ರ ಬಟ್ಟಿ ಹಾಕಿ ಮಷಿನ್ ಚಾಲೂ ಮಾಡಿದೆ.

ಹತ್ತು ನಿಮಿಷ ಆಗಿರಲಿಲ್ಲ. ಟಕ್, ಟಕ್ ಅಂತ ಸಪ್ಪಳ. ಚಿಪ್ಸು ಕಿತ್ತು ಗೋಡೆಗೆ ಬಡೀಲತ್ತಿದವು. ಮಷಿನ್ ನಿಲ್ಲಿಸಿ ನೀರು ಸುರಿದು ನೋಡಿದರೆ ಬಾಗಿಲ ಹತ್ತಿರದ ಚೌಕದ ತುಂಬಾ ತೂತು, ಹುಳ ತಿಂದ ಹಲ್ಲಿನಂಗ. ಸಿಮೆಂಟು ಮೇಲ್ಗಡೆ ಒಣಗಿತ್ತು ಅಷ್ಟೇ, ಚಿಪ್ಸನ್ನ ಹಿಡ್ಕೊಳ್ಳೋ ಶಕ್ತಿ ಬಂದಿರಲಿಲ್ಲ. ಮಷಿನ್ ಹಾಕೋಕೆ ಸುಮಾರು ಏಳು ದಿನ ಬೇಕು. ಒಣಗೋದು ಬೇರೆ, ಗಟ್ಟಿಯಾಗೋದು ಬೇರೆ. ಸಿಮೆಂಟು ಗಟ್ಟಿಯಾಗೋಕೆ ನೀರು ಬೇಕೇ ಬೇಕು. ಇದನ್ನ ಪರೀಕ್ಷೆಯಲ್ಲಿ ಬರೆದು ನಾನು ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ.

ಮರುದಿನ ಅಪ್ಪ ಬಂದ. ಬಯ್ಯಲಿಲ್ಲ. ಕುಕ್ಕರಗಾಲಲ್ಲಿ ಕುಂತು ತೂತಿನಾಗ ಬೆರಳಿಟ್ಟ. ಆಮೇಲೆ ಮಾಲೀಕರ ಕಡೆ ಹೋಗಿ, "ತಪ್ಪು ನಮ್ದ್ರಿ, ಈ ಚೌಕದ ಖರ್ಚು ನಂದು" ಅಂದ. ನಮ್ಮದು ಅಂದ, ನನ್ನ ಮಗಂದು ಅನ್ನಲಿಲ್ಲ. ಅವತ್ತು ಬಯ್ದಿದ್ದರೆ ಚಲೋ ಇತ್ತು.

ಗಾಜಿನ ಪಟ್ಟಿಯ ಇನ್ನೊಂದು ಉಪಯೋಗ ಅವತ್ತು ತಿಳೀತು. ನಾಲ್ಕೂ ಬದಿ ಗಾಜು ಇದ್ದಿದ್ದಕ್ಕೆ ಆ ಒಂದೇ ಚೌಕ ಒಡೆದು ತೆಗೆದು, ಮತ್ತೆ ಹಾಸಿದೆವು. ಅವ್ವ ಕಾದಿಟ್ಟಿದ್ದ ಒಣ ಬಣ್ಣದ ಪುಡಿ ಅರ್ಧ ಬುಟ್ಟಿ ಉಳಿದಿತ್ತು, ಹಂಗಾಗಿ ಬಣ್ಣ ಕೂಡ್ತು. ಆದರೂ ಮುಂಜಾನೆ ಬಿಸಿಲು ಬಾಗಿಲಿಂದ ಬಿದ್ದಾಗ ಒಂದು ಚೌಕ ಕೂದಲೆಳೆಯಷ್ಟು ಬೇರೆ ಕಾಣ್ತದೆ. ಅದು ನನ್ನದು. ಮಾಲೀಕರ ಗೃಹಪ್ರವೇಶ ಇನ್ನೂ ಪಾಲಿಶ್ ಆಗದ ನೆಲದ ಮೇಲೇ ಆಯ್ತು.

ಭಾಗ 7/7

ಪಾಲಿಶ್ ಕೆಲಸ ಒಂದು ದಿನದ್ದಲ್ಲ. 60ರ ಬಟ್ಟಿಯಿಂದ ತಿಕ್ಕಿ, ತೊಳೆದು, ಅದೇ ಬಣ್ಣದ ಸಿಮೆಂಟ್ ಹಾಲನ್ನ ಸಣ್ಣ ಸಣ್ಣ ತೂತಿಗೆ ತುಂಬಿ, ಮತ್ತೆ ದಿನಗಟ್ಟಲೆ ಹಸಿ ಇಡಬೇಕು. ಆಮೇಲೆ 120. ಮತ್ತೆ ತುಂಬು, ಮತ್ತೆ ಹಸಿ. ಕೊನೆಗೆ 320. ಅದಾದ ಮೇಲೆ ಆಕ್ಸಾಲಿಕ್ ಪುಡಿ, ಚದರ ಮೀಟರಿಗೆ ಸುಮಾರು 33 ಗ್ರಾಂ ಉದುರಿಸಿ, ನೀರು ಚಿಮುಕಿಸಿ ತಿಕ್ಕಿ, ತೊಳೆದು, ಒಣಗಿಸಿ ಮೇಣ. ಆ ಪುಡಿ ವಿಷ, ಕೈಗವಸು ಹಾಕ್ರಿ, ಮಕ್ಕಳನ್ನ ದೂರ ಇಡ್ರಿ. ಎಲ್ಲಾ ಸೇರಿ ಮೂರು ವಾರದ ಮೇಲೆ. ಟೈಲ್ಸಿನವರು ಅದೇ ಕೋಣೆಯನ್ನ ಎರಡು ದಿನಕ್ಕೆ ಮುಗಿಸಿ ರೊಕ್ಕ ಎಣಿಸ್ತಾರೆ. ಕೆಲಸ ಯಾಕೆ ಕಡಿಮೆಯಾಯ್ತು ಅಂತ ಕೇಳೋ ಹಂಗೇ ಇಲ್ಲ.

ಇನ್ನೊಂದು ಮಾತು, ಇದನ್ನ ಅಪ್ಪ ಓದಂಗಿಲ್ಲ ಅಂತ ಬರೀತೀನಿ. ಅಪ್ಪಗ ರಾತ್ರಿ ಕೆಮ್ಮು. ವಯಸ್ಸಿನಾಗ ಮೂಲೆಗಳನ್ನ ಒಣ ಬಟ್ಟಿಯಿಂದಲೇ ತಿಕ್ತಿದ್ದ, ಬೇಗ ಆಗ್ತದೆ ಅಂತ. ನೀರು ಹಾಕಿ ತಿಕ್ಕಿದರೆ ಧೂಳು ಕೆಸರಾಗಿ ಕೆಳಗೇ ಉಳೀತದೆ, ಒಣ ತಿಕ್ಕಿದರೆ ಎದೆಗೆ ಹೋಗ್ತದೆ. ನಿಮ್ಮ ಮನೆಯವರು ಯಾರಾದರೂ ಈ ಕೆಲಸದಾಗ ಇದ್ದರೆ, ನೀರು ಮತ್ತು ಮಾಸ್ಕು, ಎರಡೂ ಬೇಕು ಅಂತ ಹಟ ಹಿಡೀರಿ. 18ರಿಂದ 60 ವಯಸ್ಸಿನವರು ವರ್ಷಕ್ಕೆ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ಅಪ್ಪಂದು ಇತ್ತು, ಅವ್ವಂದು ಇರಲಿಲ್ಲ. "ನಾನೇನು ಗೌಂಡಿ ಏನು?" ಅಂತಿದ್ದಳು. ಹೋದ ತಿಂಗಳು ನಾನೇ ಕರ್ಕೊಂಡು ಹೋಗಿ ಅರ್ಜಿ ಹಾಕಿಸಿದೆ.

ಅಫಜಲಪುರದ ಆ ಸೀಳಿದ ನೆಲ ಏನಾಯ್ತು? ಒಡೆದು ಟೈಲ್ಸ್ ಹಾಕಿಸ್ತೀವಿ ಅಂದಿದ್ದರು. ಅಪ್ಪ ಒಂದು ಮೂಲೆಯಲ್ಲಿ ಒಂದು ಗೇಣು ಜಾಗ ಮಾತ್ರ ತಿಕ್ಕಿ, ಒದ್ದೆ ಮಾಡಿ ಆ ಮನೆ ಆಯಿಗೆ ತೋರಿಸಿದ. ಆಯಿ ಅಲ್ಲೇ ಕುಂತುಬಿಟ್ಟಳು. "ಇದು ನಾ ಲಗ್ನಾಗಿ ಬಂದಾಗಿನ ಬಣ್ಣ" ಅಂದಳು. ಸೀಳನ್ನ ಕೊರೆದು ಚಿಪ್ಸು ತುಂಬಿ ಮತ್ತೆ ಪಾಲಿಶ್ ಮಾಡಿದೆವು. ಗೆರೆ ಪೂರ್ತಿ ಹೋಗಿಲ್ಲ, ಕೆಳಗಿನ ಎರಿ ಮಣ್ಣೂ ಹೋಗಿಲ್ಲ. ಮುಂದೊಂದು ಮಳೆಗಾಲಕ್ಕೆ ಮತ್ತೆ ಬಿಡಬಹುದು. ಅದನ್ನ ಅಪ್ಪ ಮೊದಲೇ ಹೇಳಿಯೇ ಕೆಲಸ ಹಿಡಿದ.

ದೋಸ್ತ್ರೇ, ನಿಮ್ಮ ಅಜ್ಜಿ ಮನೆಯಲ್ಲಿ ಇಂಥ ನೆಲ ಇದ್ದರೆ ಮೂರು ಮಾತು ನೆನಪಿಡಿ. ಸಂಡಾಸ ತೊಳೆಯೋ ಆಸಿಡ್ ಹಾಕಬೇಡಿ, ಲಿಂಬಿಹುಳಿನೂ ಬೇಡ, ಅಮೃತಶಿಲೆ ಹುಳಿಗೆ ಕರಗ್ತದೆ. ಬರೀ ನೀರು, ಸಾದಾ ಸಾಬೂನು ಸಾಕು. ಒಡೆಯೋಕೆ ಮೊದಲು ಒಂದು ಮೂಲೆ ಒದ್ದೆ ಮಾಡಿ ನೋಡಿ. ಆ ಮೂಲೆಯ ಫೋಟೋ ನನಗೆ ಕಳಿಸಿ, ಜೊತೆಗೆ ಹಾಕಿದವರು ಯಾರು ಅಂತ ಮನೆಯಾಗ ಕೇಳಿ ಬರೀರಿ. ಮಾಲು ಕಲಿಸಿದಾಕೆ ಯಾರು ಅಂತನೂ ಕೇಳಿ.

#ಮೊಸಾಯಿಕ್‌ನೆಲ #ಆಳಂದ #ಅಫಜಲಪುರ #ಜೇವರ್ಗಿ #ಗೌಂಡಿಮಗ